ಗ್ಯಾಸ್ ಉಳಿಸುವ ಟೊಮೆಟೊ

ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರೇ. 5 ಕೆ.ಜಿ. ಹಣ್ಣು 1 ಕೆ.ಜಿ. ಗಟ್ಟಿ ಪೇಸ್ಟ್ ಆಗಲು 4 ಕೆ.ಜಿ. ನೀರು ಆವಿಯಾಗಬೇಕು. ಥರ್ಮೋಡೈನಮಿಕ್ಸ್ ಪಾಠದಂತೆ, ಕೆ.ಜಿ. ನೀರಿಗೆ 2,260 ಕಿಲೋಜೌಲ್. ಒಲೆಯಲ್ಲಿ ಪೋಲಾಗುವ ಶಾಖವನ್ನೂ ಸೇರಿಸಿದರೆ 300 ಗ್ರಾಂ ಮೀರಿ ಗ್ಯಾಸ್ ಬೇಕು! ಸಿಲಿಂಡರ್ ಎಷ್ಟು ದಿನ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ನಮ್ಮಮ್ಮನಿಗೆ ಇದು ಸಣ್ಣ ಲೆಕ್ಕವಲ್ಲ.

ಅದಕ್ಕೇ ಕುರುಗೋಡಿನ ನಮ್ಮ ಹಿತ್ತಲಲ್ಲಿ ರೋಮಾ ತಳಿಯ ಉದ್ದನೆಯ ಟೊಮೆಟೊ ಹಾಕಿದ್ದೇವೆ. ತಿರುಳು ದಪ್ಪ, ರಸ ಕಡಿಮೆ. ಎಲೆ ಮುದುಡು ರೋಗದ ಕಾಟವಿದ್ದವರು ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ನೋಡಬಹುದು. ಅದಕ್ಕೆ ರೋಗ ತಡೆಯುವ ಶಕ್ತಿಯಿದೆ, ಪೇಸ್ಟ್‌ಗೂ ಒಗ್ಗುತ್ತದೆ.

ನಮ್ಮೂರಲ್ಲಿ ಕಾಲ ನೋಡಿಯೇ ನೆಡಬೇಕು. ಏಪ್ರಿಲ್‌ನ 40 ಡಿಗ್ರಿಗೆ ಹೂವೆಲ್ಲ ಉದುರಿಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಬೀಜ ಚೆಲ್ಲಿ, ತಿಂಗಳಿಗೆ ಸಸಿ ನೆಟ್ಟರೆ ಡಿಸೆಂಬರ್ ಹೊತ್ತಿಗೆ ಹಣ್ಣು. ಒಂದು ದಿನ ನೀರು ತುಂಬಿಸಿ ನಾಲ್ಕು ದಿನ ಮರೆತರೆ ಕಾಯಿಯ ತುದಿ ಕಪ್ಪಗೆ ಕೊಳೆಯುತ್ತದೆ. ಕ್ಯಾಲ್ಸಿಯಂ ಕಾಯಿಗೆ ತಲುಪದ್ದರಿಂದ ಆಗುವುದದು. ಕೀಟನಾಶಕ ಹೊಡೆದು ಪ್ರಯೋಜನವಿಲ್ಲ.

ಹಣ್ಣು ಸೀಳಿ, ಉಪ್ಪು ಸವರಿ, ಮಾಳಿಗೆ ಮೇಲೆ ಗರಿಗರಿಯಾಗುವವರೆಗೆ ಒಣಗಿಸುತ್ತೇವೆ. ಮೆಣಸಿನಕಾಯಿ ಒಣಗಿಸುವ ಸೀಮೆಗೆ ಇದನ್ನೇನು ಹೇಳಿಕೊಡುವುದು! ಬೇಕೆಂದಾಗ ನೆನೆಸಿ ರುಬ್ಬಿದರೆ ಪೇಸ್ಟ್. 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದು ನೆನಪಿರಬೇಕಲ್ಲ? ಅಂಥ ಮಳೆಗಾಲಕ್ಕೆಂದು ಅಮ್ಮ ಎರಡು ಡಬ್ಬಿ ತುಂಬಿಟ್ಟಿದ್ದಾಳೆ. ಮೂರನೆಯದು ನನ್ನ ಜೊತೆ ಹಾಸ್ಟೆಲಿಗೆ ಬಂತು, ವಾರದೊಳಗೇ ಖಾಲಿ.