ಮೈ ಫ್ರಾಂಕ್‌ಫರ್ಟ್‌ನಲ್ಲಿ, ಗಡಿಯಾರ ಗುಂಡ್ಲುಪೇಟೆಯಲ್ಲಿ

ಗುಂಡ್ಲುಪೇಟೆಯ ವಿದ್ಯಾರ್ಥಿಯೊಬ್ಬ ಹೆಚ್ಚಿನ ವ್ಯಾಸಂಗಕ್ಕೆಂದು ಅಕ್ಟೋಬರ್ ಮೊದಲ ವಾರ ಜರ್ಮನಿಗೆ ಹೊರಟನೆನ್ನಿ. ಬೆಳಗಿನಿಂದ ಮನೆಯಲ್ಲಿ ಸಡಗರ. ಚಟ್ನಿಪುಡಿ, ಉಪ್ಪಿನಕಾಯಿ ಪೆಟ್ಟಿಗೆ ಸೇರುತ್ತವೆ. ಮೈಸೂರು ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟುವಾಗ ರಾತ್ರಿ. ವಿಮಾನ ಮೇಲೇರುವುದು ನಡುರಾತ್ರಿ ಕಳೆದ ಮೇಲೆ. ಸುಮಾರು 10 ಗಂಟೆ ಹಾರಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಅಲ್ಲಿ ಬೆಳಿಗ್ಗೆ 9 ಗಂಟೆ. ಗುಂಡ್ಲುಪೇಟೆಯಲ್ಲಿ ಮಧ್ಯಾಹ್ನ 12.30.

ಕಣ್ಣುರಿ, ಕಾಲು ಭಾರ, ಕಿವಿಗೆ ಬೀಳುವುದೆಲ್ಲ ತಿಳಿಯದ ಭಾಷೆ. ರಾತ್ರಿ ಹೇಗೋ ಮಲಗಿದರೆ 3 ಗಂಟೆಗೇ ಎಚ್ಚರ. ಹೊಟ್ಟೆಯಲ್ಲಿ ಹಸಿವು, ಕಿಟಕಿಯಾಚೆ ಕತ್ತಲು. ಮನೆಗೆ ಫೋನ್ ಮಾಡಿ, ‘ಅವ್ವಾ, ಈ ಊರು ನಂಗೆ ಒಗ್ಗಲ್ಲ’ ಎನ್ನುತ್ತಾನೆ. ತಾಯಿಯ ಎದೆ ಧಸಕ್ಕೆನ್ನುತ್ತದೆ. ಬ್ಯಾಂಕ್ ಸಾಲ ಮಾಡಿ ಕಳುಹಿಸಿದ ತಂದೆಗೆ ಇನ್ನೊಂದು ಚಿಂತೆ.

ಇದು ಹುಡುಗನ ಅಧೈರ್ಯವೂ ಅಲ್ಲ, ಆ ಊರಿನ ದೋಷವೂ ಅಲ್ಲ. ಬಹುಪಾಲು ಇದು ಗಡಿಯಾರದ ತಕರಾರು.

ಒಳಗಿನ ಗಡಿಯಾರ

ಸಂಜೆಯಾದಂತೆ ಹುಣಸೆ ಮರದ ಎಲೆಗಳು ಮಡಚಿಕೊಳ್ಳುವುದನ್ನು ಹಳ್ಳಿಯ ಮಕ್ಕಳೆಲ್ಲ ನೋಡಿರುತ್ತಾರೆ. ಬೆಳಕು ಹೋಯಿತೆಂದು ಮಡಚಿದವೇ? 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೇರಾನ್ ‘ಮುಟ್ಟಿದರೆ ಮುನಿ’ ಜಾತಿಯ ಗಿಡವೊಂದನ್ನು ಕತ್ತಲಲ್ಲಿಟ್ಟು ಪರೀಕ್ಷಿಸಿದ. ಬಿಸಿಲು ಸೋಕದಿದ್ದರೂ ಅದರ ಎಲೆಗಳು ಹಗಲಿನ ವೇಳೆಗೆ ಅರಳಿ, ರಾತ್ರಿಯ ವೇಳೆಗೆ ಮುಚ್ಚಿಕೊಂಡವು. ಅಂದರೆ ಗಿಡದೊಳಗೇ ಒಂದು ಗಡಿಯಾರವಿತ್ತು.

ಮನುಷ್ಯನಲ್ಲಿಯೂ ಅದು ಇದೆ. ಮೆದುಳಿನಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವೆಡೆಯ ತುಸು ಮೇಲೆ ಅದರ ಠಾಣೆ. ನಿದ್ರೆ, ಹಸಿವು, ಮೈಯ ಶಾಖ ಎಲ್ಲಕ್ಕೂ ವೇಳೆ ಗೊತ್ತುಮಾಡುವುದು ಅದೇ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ಪ್ರತಿದಿನ ತನ್ನನ್ನು ತಿದ್ದಿಕೊಳ್ಳುತ್ತದೆ. ಇಂಥ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈಗ ಒಂದು ಸಣ್ಣ ಲೆಕ್ಕ. ಭೂಮಿ 1 ಡಿಗ್ರಿ ತಿರುಗಲು 4 ನಿಮಿಷ ಬೇಕು. ಚಾಮರಾಜನಗರ, ಗುಂಡ್ಲುಪೇಟೆಗಳು ಇರುವುದು ಸುಮಾರು 77 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಫ್ರಾಂಕ್‌ಫರ್ಟ್ ಸುಮಾರು 9 ಡಿಗ್ರಿಯಲ್ಲಿ. ಅಂತರ 68 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 272 ನಿಮಿಷ, ಎಂದರೆ ನಾಲ್ಕೂವರೆ ಗಂಟೆ. ಬೇಸಿಗೆಯಲ್ಲಿ ಯೂರೋಪಿನವರು ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಿಡುವುದರಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಕೈಗಡಿಯಾರದಲ್ಲಿ ಕಾಣುವ ವ್ಯತ್ಯಾಸ ಮೂರೂವರೆ ಗಂಟೆ ಮಾತ್ರ.

ಟಿಪ್ಪು ಸುಲ್ತಾನನ ರಾಯಭಾರಿಗಳು 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿ, 1788ರ ಜೂನ್‌ನಲ್ಲಿ ಫ್ರಾನ್ಸಿನ ತೂಲೋನ್ ಬಂದರಿಗೆ ಇಳಿದರು. ಅವರಿಗೆ ಸಮುದ್ರಯಾನದ ಬಳಲಿಕೆ ಇದ್ದಿರಬಹುದು. ಈ ತಕರಾರು ಇರಲಿಲ್ಲ. ತಿಂಗಳುಗಟ್ಟಲೆಯ ಪಯಣದಲ್ಲಿ ಒಳಗಿನ ಗಡಿಯಾರ ಸೂರ್ಯನೊಡನೆ ದಿನದಿನವೂ ತುಸುತುಸುವೇ ಸರಿದಿತ್ತು. ವಿಮಾನ ಆ ಅವಕಾಶ ಕೊಡುವುದಿಲ್ಲ.

ಮೊದಲ ದಿನ ಏನು ಮಾಡಬೇಕು?

ದಣಿವು ಎರಡು ಬಗೆ. ನಿದ್ದೆಗೆಟ್ಟ ದಣಿವಿಗೆ ನಿದ್ದೆಯೇ ಮದ್ದು. ಗಡಿಯಾರ ತಪ್ಪಿದ ದಣಿವಿಗೆ ಬೆಳಕು ಮದ್ದು. ಮಧ್ಯಾಹ್ನ ತಡೆಯಲಾಗದಿದ್ದರೆ ಅರ್ಧ ಗಂಟೆ ಒರಗಿ ಏಳಬಹುದು. ಸಂಜೆಯವರೆಗೆ ಮಲಗಿದರೆ ರಾತ್ರಿ ಜಾಗರಣೆ ತಪ್ಪದು. ಪಶ್ಚಿಮಕ್ಕೆ ಹೋದವರ ಗಡಿಯಾರ ಹಿಂದಕ್ಕೆ ಸರಿಯಬೇಕು, ಅದಕ್ಕೆ ಸಂಜೆಯ ಬೆಳಕು ಸಹಾಯಕ. ಆದ್ದರಿಂದ ಹೊತ್ತು ಮುಳುಗುವ ಮುನ್ನ ಹೊರಗೆ ನಡೆದಾಡುವುದು ಒಳ್ಳೆಯದು. ಊಟವೂ ಅಲ್ಲಿನ ವೇಳೆಗೇ ಆಗಲಿ.

ಮಂಪರಿನಲ್ಲಿ ಎಚ್ಚರಿಕೆಯೂ ಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುತ್ತವೆ. ದಾಟುವಾಗ ಮೊದಲು ನೋಡಬೇಕಾದ್ದು ಎಡಕ್ಕೆ. ತಂಗುವ ಜಾಗದ ವಿಳಾಸ ಕಾಗದದ ಮೇಲೆ ಬರೆದು ಜೇಬಿನಲ್ಲಿರಲಿ. ಬಾಡಿಗೆ ಕರಾರಿಗೆ ಅಂದೇ ಸಹಿ ಹಾಕುವುದು ಬೇಡ.

ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಸರಿದು ನಾಲ್ಕೈದು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಊರಿಗೆ ಮರಳುವಾಗ, ಎಂದರೆ ಪೂರ್ವಕ್ಕೆ ಬರುವಾಗ, ಸಾಮಾನ್ಯವಾಗಿ ಇನ್ನೂ ತಡ.

ಇನ್ನು ಆ 3 ಗಂಟೆಯ ಫೋನ್. ಆಗ ಗುಂಡ್ಲುಪೇಟೆಯಲ್ಲಿ ಬೆಳಗಿನ 6.30. ತಾಯಿ ಎದ್ದು ಒಲೆ ಹಚ್ಚುವ ಹೊತ್ತು. ಮಗನ ಮೈಯೂ ಅವಳೊಂದಿಗೇ ಎದ್ದಿದೆ, ಅಷ್ಟೆ. ‘ಸಂಜೆ ಬೆಳಕಿರುವಾಗ ಒಂದು ಸುತ್ತು ನಡೆದು ಬಾ ಮಗ, ಊರು ಒಗ್ಗುತ್ತೋ ಇಲ್ಲವೋ ಮುಂದಿನ ವಾರ ಹೇಳು’ ಎಂದರೆ ಸಾಕು. ಮೊದಲ ರಾತ್ರಿಯ ತೀರ್ಪನ್ನು ಯಾರೂ ನಂಬಬೇಕಾಗಿಲ್ಲ.