ಓಡ್ತಾನೆ, ಗೋಲ್ ಹೊಡೆಯಲ್ಲ: ಸುನಿಲ್ ಬಗ್ಗೆ ನಾವು ರೈಲಿನಲ್ಲಿ ಹಾಕಿದ ಲೆಕ್ಕ ಎಲ್ಲಿ ತಪ್ಪಿತ್ತು?

ಆಗಸ್ಟ್ 2012. ಲಂಡನ್ ಒಲಿಂಪಿಕ್ಸ್ ನಡೀತಿತ್ತು. ನಾನಾಗ ಎಂಜಿನಿಯರಿಂಗ್ ಕೊನೇ ವರ್ಷ. ರಾಮನಗರದಿಂದ ಬೆಂಗಳೂರಿಗೆ ದಿನಾ ಬೆಳಗ್ಗೆ ರೈಲು, ಕೈಯಲ್ಲಿ ತಿಂಗಳ ಪಾಸ್. ಚನ್ನಪಟ್ಟಣದಲ್ಲಿ ಹತ್ತಿದ ಇಬ್ಬರು ನಮಗೆ ಸೀಟು ಹಿಡಿದಿರೋರು. ಕನಕಪುರದವನೊಬ್ಬ, ಮಾಗಡಿಯವನೊಬ್ಬ ಬಸ್ಸಲ್ಲಿ ಬಂದು ಕಾಲೇಜಿನ ಕ್ಯಾಂಟೀನಲ್ಲಿ ಸೇರ್ಕೊಳ್ಳೋರು. ರೈಲಿನಲ್ಲಿ ಅರ್ಧಕ್ಕೆ ನಿಂತ ಜಗಳ ಅಲ್ಲಿ ಮುಂದುವರಿಯುತ್ತಿತ್ತು.

ಆ ಎರಡು ವಾರದ ಜಗಳವೆಲ್ಲ ಹಾಕಿಯದ್ದು. ಭಾರತ ಆರು ಪಂದ್ಯ ಆಡಿ ಆರೂ ಸೋತಿತ್ತು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಯಾರನ್ನಾದರೂ ಬೈಯಲೇಬೇಕಲ್ಲ, ನಮಗೆ ಸಿಕ್ಕಿದ್ದು ನಮ್ಮವನೇ, ಸೋಮವಾರಪೇಟೆಯ ಎಸ್.ವಿ. ಸುನಿಲ್. ವಯಸ್ಸು 23, ಹೆಚ್ಚುಕಡಿಮೆ ನಮ್ಮದೇ.

"ಓಡ್ತಾನೆ ಕಣ್ಲಾ, ಚಿರತೆ ಥರ ಓಡ್ತಾನೆ. ಓಡ್ಬುಟ್ಟು ಏನ್ ಮಾಡ್ತಾನೆ?" ಅಂತ ಚನ್ನಪಟ್ಟಣದವನು ಶುರು ಮಾಡೋನು. "ಇನ್ನೂ ಹುಡುಗ, ಟೈಮ್ ಕೊಡ್ರಲಾ" ಅಂತ ಇನ್ನೊಬ್ಬ. ನಾನು ಮೊದಲನೇ ಪಕ್ಷ. ಗೋಲು ಭಾಗಿಸು ಪಂದ್ಯ, ಉತ್ತರ ಇಷ್ಟು, ಆದ್ದರಿಂದ ತೆಗೀರಿ ಇವನನ್ನ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಬರೆದು ತೋರಿಸಿದ್ದು ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಒಬ್ಬನೂ ಅಲ್ಲಿಯವರೆಗೆ ಹಾಕಿ ಸ್ಟಿಕ್ ಮುಟ್ಟಿರಲಿಲ್ಲ ಅನ್ನೋದು ಬೇರೆ ಮಾತು.

ಆ ಲೆಕ್ಕ ತಪ್ಪಾಗಿತ್ತು. ಯಾಕೆ ತಪ್ಪು ಅಂತ ಈಗ ಬಿಡಿಸಿ ಹೇಳೋಕೆ ಕಾರಣವಿದೆ. ಅಂಥ ಲೆಕ್ಕ ಹಾಕೋಕಾದರೂ ಆಗ ಕರ್ನಾಟಕದ ಒಬ್ಬ ಹುಡುಗ ತಂಡದಲ್ಲಿದ್ದ.

ಮೊದಲು ಆಟ. ಹಾಕಿಯಲ್ಲಿ ಎಲ್ಲಿಂದ ಬೇಕಾದರೂ ಗೋಲ್ ಹೊಡೆಯೋ ಹಾಗಿಲ್ಲ. ಗೋಲ್‌ಪೋಸ್ಟಿನ ಮುಂದೆ ಸುಮಾರು 14.6 ಮೀಟರ್ ದೂರದ ಒಂದು ಕಮಾನು ಗೆರೆ ಇರುತ್ತೆ, ಎಲ್ಲರೂ 'ಡಿ' ಅನ್ನೋದು ಅದನ್ನೇ. ಅದರೊಳಗೆ ದಾಳಿ ಮಾಡುವವರ ಸ್ಟಿಕ್ ಚೆಂಡಿಗೆ ತಾಗಿದರೆ ಮಾತ್ರ ಗೋಲ್. ಹಾಗಾಗಿ ಆಟದ ಅರ್ಧ ಯುದ್ಧ ಚೆಂಡನ್ನು ಡಿ ಒಳಗೆ ಒಯ್ಯೋದರಲ್ಲೇ ಮುಗಿದುಹೋಗುತ್ತೆ. ಸುನಿಲ್ ಮಾಡ್ತಿದ್ದ ಕೆಲಸ ಅದು. ಗೆರೆಯ ಪಕ್ಕದಲ್ಲೇ ಚೆಂಡು ತಳ್ಳಿಕೊಂಡು ಓಡಿ, ಡಿಫೆಂಡರ್‌ನ ಹಿಂದೆ ಹಾಕಿ, ಒಳಕ್ಕೆ ನುಗ್ಗೋದು.

ನುಗ್ಗಿದಾಗ ಏನಾಗುತ್ತೆ? ಗಾಬರಿಯಾದ ಡಿಫೆಂಡರ್ ಕಾಲು ಅಡ್ಡ ಇಡ್ತಾನೆ, ಇಲ್ಲಾ ಸ್ಟಿಕ್‌ಗೆ ಹೊಡೀತಾನೆ. ಅಂಪೈರ್ ಪೆನಾಲ್ಟಿ ಕಾರ್ನರ್ ಕೊಡ್ತಾರೆ. ಗೋಲ್‌ಗೆರೆಯ ಹಿಂದೆ ನಿಂತು ಕಾಯೋಕೆ ಕೀಪರ್ ಸೇರಿ ಐದೇ ಜನ. ಪೋಸ್ಟಿನಿಂದ ಹತ್ತು ಮೀಟರ್ ಆಚೆಯಿಂದ ಒಬ್ಬ ಚೆಂಡು ತಳ್ತಾನೆ, ಡಿ ಹೊರಗೆ ಒಬ್ಬ ನಿಲ್ಲಿಸ್ತಾನೆ, ಮೂರನೆಯವನು ಅದನ್ನು ಸ್ಟಿಕ್‌ನಲ್ಲಿ ಎಳೆದು ಬೀಸ್ತಾನೆ. ನೇರವಾಗಿ ಬಾರಿಸಿದರೆ ಮೊದಲ ಹೊಡೆತ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರಕ್ಕೆ ಹೋಗಬಾರದು. ಎಳೆದು ಬೀಸಿದರೆ, ಅಂದರೆ ಡ್ರ್ಯಾಗ್ ಫ್ಲಿಕ್ ಮಾಡಿದರೆ, ಆ ಮಿತಿ ಇಲ್ಲ. ಅದಕ್ಕೇ ಡ್ರ್ಯಾಗ್ ಫ್ಲಿಕ್ಕರ್‌ಗೆ ಅಷ್ಟು ಬೆಲೆ. ಗೋಲ್ ಆಗುತ್ತೆ, ಸ್ಕೋರ್‌ಬೋರ್ಡಿನಲ್ಲಿ ರಘುನಾಥ್ ಅಂತಲೋ ರೂಪಿಂದರ್ ಅಂತಲೋ ಹೆಸರು ಬರುತ್ತೆ. ಆ ಕಾರ್ನರ್ ಗಳಿಸಿಕೊಟ್ಟ ಓಟಗಾರನ ಹೆಸರು ಎಲ್ಲೂ ಬರಲ್ಲ.

ನನ್ನ ನೋಟ್‌ಬುಕ್ಕಿನಲ್ಲೂ ಬಂದಿರಲಿಲ್ಲ. ಸುನಿಲ್ 2021ರಲ್ಲಿ ನಿವೃತ್ತಿ ಹೇಳುವ ಹೊತ್ತಿಗೆ 264 ಪಂದ್ಯ, 72 ಗೋಲು. ಪ್ರತಿ ನಾಲ್ಕು ಪಂದ್ಯಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೂ ಪೆನಾಲ್ಟಿ ಕಾರ್ನರ್ ಹೊಡೆಯುವ ಜವಾಬ್ದಾರಿ ಇಲ್ಲದೆ. ಮೀಟರ್ ತಪ್ಪು ಜಾಗಕ್ಕೆ ಜೋಡಿಸಿ ರೀಡಿಂಗ್ ಸರಿ ಇಲ್ಲ ಅಂತ ಮೋಟಾರ್ ಬಿಚ್ಚೋಕೆ ಹೋದ ಹಾಗಿತ್ತು ನಮ್ಮ ಚರ್ಚೆ.

ಹಾಗಂತ ಟೀಕೆಯೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ತಲೆ ತಗ್ಗಿಸಿ ಓಡ್ತಾನೆ, ಪಕ್ಕದಲ್ಲಿ ಖಾಲಿ ನಿಂತವನು ಕಾಣಲ್ಲ ಅಂತ ಅನ್ನುತ್ತಿದ್ದೆವಲ್ಲ, ಅದರಲ್ಲಿ ಸತ್ಯ ಇತ್ತು. ಪೂರ್ತಿ ವೇಗದಲ್ಲಿರುವಾಗ ತಲೆ ಎತ್ತೋದು ಕಲಿಯೋಕೆ ವರ್ಷಗಳು ಬೇಕು. ಕಲಿಸೋನು ಒಬ್ಬನೇ ಆಗಿದ್ದರೆ ಇನ್ನೂ ಒಳ್ಳೇದು. ಈ ಹುಡುಗನಿಗೆ ಸಿಕ್ಕಿದ್ದೇನು ನೋಡಿ.

ಬಡಗಿ ಕೆಲಸ ಮಾಡ್ತಿದ್ದ ವಿಠಲಾಚಾರ್ಯರ ಮಗ. ಚಿಕ್ಕವನಿದ್ದಾಗ ಆಡಿದ್ದು ಬಿದಿರಿನ ಕೋಲಿನಲ್ಲಿ. 2007ರಲ್ಲಿ, ಹದಿನೆಂಟರ ಹುಡುಗ, ಚೆನ್ನೈನ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಆಡಿದ. ತಂಡ ಕಪ್ ಗೆದ್ದಿತು. ಮರುವರ್ಷ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು ಸೋತ ಭಾರತ, 1928ರ ನಂತರ ಮೊದಲ ಸಲ ಒಲಿಂಪಿಕ್ಸ್‌ಗೇ ಹೋಗಲಿಲ್ಲ. ಕೆ.ಪಿ.ಎಸ್. ಗಿಲ್ ನೇತೃತ್ವದ ಫೆಡರೇಷನ್ನೇ ಬರಖಾಸ್ತಾಯಿತು. 2009ರಲ್ಲಿ ಸುನಿಲ್ ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಶಾ ಟೂರ್ನಿ ಆಡ್ತಿದ್ದಾಗ ಊರಲ್ಲಿ ಅಪ್ಪ ತೀರಿಕೊಂಡರು. ಆತ ವಾಪಸ್ ಬರಲಿಲ್ಲ, ತಂಡದ ಜೊತೆ ಉಳಿದ. ಭಾರತ ಆ ಟೂರ್ನಿ ಗೆದ್ದಿತು. ಜನವರಿ 2010ರಲ್ಲಿ, ದೆಹಲಿ ವಿಶ್ವಕಪ್ ಎದುರಿಗಿರುವಾಗ, ಪುಣೆ ಶಿಬಿರದಲ್ಲಿ ಭಾರತದ ಆಟಗಾರರು ಬರಬೇಕಾದ ದುಡ್ಡಿಗಾಗಿ ಅಭ್ಯಾಸ ನಿಲ್ಲಿಸಿ ಕೂತರು.

ಕೋಚ್‌ಗಳ ಪಟ್ಟಿ ಇನ್ನೊಂದು ಕಥೆ. ಸುನಿಲ್ ತಂಡಕ್ಕೆ ಬಂದಾಗಿನಿಂದ ನಿವೃತ್ತಿಯವರೆಗೆ ವಿದೇಶಿ ಕೋಚ್‌ಗಳೇ ಏಳು ಜನ: ಬ್ರಾಸಾ, ನಾಬ್ಸ್, ವಾಲ್ಷ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ರೀಡ್. ನಮ್ಮವರು ಬೇರೆ. ವಾನ್ ಆಸ್ 2015ರಲ್ಲಿ ಬಂದು ಅದೇ ವರ್ಷ ಹೋದರು. ಸ್ಪೇನಿನವರೊಬ್ಬರು ಒಂದು ರೀತಿ ಆಡಿ ಅಂದರೆ, ಆಸ್ಟ್ರೇಲಿಯದವರು ಇನ್ನೊಂದು, ಡಚ್ಚರದು ಮತ್ತೊಂದು. ಸೆಮಿಸ್ಟರ್‌ಗೊಮ್ಮೆ ಮೇಷ್ಟ್ರು ಬದಲಾದರೆ ನಾವೇ ಬ್ಯಾಕ್‌ಲಾಗ್ ಲೆಕ್ಕ ಹಾಕ್ತೀವಿ. ರೈಲಿನ ಚರ್ಚೆಯಲ್ಲಿ ಇದ್ಯಾವುದೂ ಬರಲಿಲ್ಲ. 'ಆಟಗಾರ ಬೆಳೀತಿಲ್ಲ' ಅನ್ನೋ ವಾಕ್ಯದಲ್ಲಿ ಕರ್ತೃ ಸ್ಥಾನದಲ್ಲಿ ಯಾವಾಗಲೂ ಆಟಗಾರ ಒಬ್ಬನೇ.

ಆಮೇಲಿನದು ದಾಖಲೆಯಲ್ಲಿದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ ಭಾರತ 1998ರ ನಂತರದ ಮೊದಲ ಚಿನ್ನ ಗೆದ್ದಿತು. ಸುನಿಲ್ ಆ ತಂಡದಲ್ಲಿದ್ದರು, ವಯಸ್ಸು 25. 2016ಕ್ಕೆ ಏಷ್ಯಾದ ವರ್ಷದ ಆಟಗಾರ, 2017ರಲ್ಲಿ ಅರ್ಜುನ. 2018ರ ಭುವನೇಶ್ವರ ವಿಶ್ವಕಪ್ ಮೊಣಕಾಲಿನ ಗಾಯಕ್ಕೆ ಬಲಿಯಾಯಿತು. ಅಲ್ಲಿಗೆ ಮುಗೀತು ಅಂತ ನಮ್ಮ ಗುಂಪಿನಲ್ಲಿ ತೀರ್ಪು ಬಂತು, ಈ ಸಲ ವಾಟ್ಸ್ಯಾಪಿನಲ್ಲಿ. ನವೆಂಬರ್ 2019ರಲ್ಲಿ ಟೋಕಿಯೊ ಟಿಕೆಟ್‌ಗಾಗಿ ರಷ್ಯಾ ಜೊತೆ ಆಡಿದ ಮೊದಲ ಪಂದ್ಯದಲ್ಲಿ ಭಾರತ 4-2ರಿಂದ ಗೆದ್ದಾಗ ಒಂದು ಗೋಲು ಸುನಿಲ್‌ದು. ಆ ಟಿಕೆಟ್‌ನಲ್ಲಿ ಅವರು ಹೋಗಲಿಲ್ಲ. ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು, ತಂಡ ಆರಿಸುವಾಗ ವಯಸ್ಸು 32, ಫಾರ್ವರ್ಡ್‌ಗಳಿಗೆ ಸಿಗೋದು ನಾಲ್ಕೈದು ಜಾಗ. ಭಾರತ 41 ವರ್ಷದ ನಂತರ ಪದಕ ಗೆದ್ದಿದ್ದನ್ನು ಅವರೂ ನಮ್ಮ ಹಾಗೆ ಟೀವಿಯಲ್ಲೇ ನೋಡಿರಬೇಕು.

2007ರಿಂದ 2014 ಅಂದರೆ ಏಳು ವರ್ಷ. ಎಡವುತ್ತಾ, ಬೈಸಿಕೊಳ್ಳುತ್ತಾ ಕಲಿಯೋಕೆ ಸುನಿಲ್‌ಗೆ ಸಿಕ್ಕ ಅವಧಿ ಅದು.

ಇಲ್ಲಿ ನಮ್ಮ ಕಡೆಯ ರಾಜಕಾರಣದ ಮಾತು ಬೇಡ ಅಂದ್ಕೊಂಡಿದ್ದೆ, ಆದರೆ ತಡೆಯಲ್ಲ. ನಿಖಿಲ್ ಕುಮಾರಸ್ವಾಮಿ 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದಲ್ಲಿ ಸೋತರು. ಮೂರು ಸೋಲಾದ ಮೇಲೂ ನಮ್ಮ ಟೀ ಅಂಗಡಿಗಳಲ್ಲಿ ಚರ್ಚೆ ಆಗೋದು ನಾಲ್ಕನೇ ಟಿಕೆಟ್ ಎಲ್ಲಿಂದ ಅಂತ. ಅವಕಾಶ ಸಿಗಬಾರದು ಅಂತ ಹೇಳ್ತಿಲ್ಲ. ಸೋತು ಕಲಿಯೋ ಅವಕಾಶ ಎಲ್ಲ ಪಕ್ಷದ ದೊಡ್ಡ ಮನೆಗಳಲ್ಲೂ ಧಾರಾಳವಾಗಿದೆ, ಈ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಡಗಿಯ ಮಗನಿಗೆ ಅದೇ ಅವಕಾಶ ಕೊಡಬೇಕಾದಾಗ ಮಾತ್ರ ನಾವು ಕ್ಯಾಲ್ಕುಲೇಟರ್ ತೆಗೀತೀವಿ.

ಈಗ ಇವತ್ತಿನ ವಿಷಯಕ್ಕೆ ಬರೋಣ. 2016ರ ರಿಯೊ ತಂಡದಲ್ಲಿ ಕೊಡಗಿನವರೇ ನಾಲ್ವರಿದ್ದರು: ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ಸುನಿಲ್. 2021ರ ಟೋಕಿಯೊ ತಂಡದಲ್ಲಿ ಕರ್ನಾಟಕದವರು ಸೊನ್ನೆ. 2024ರ ಪ್ಯಾರಿಸ್‌ನಲ್ಲೂ ಸೊನ್ನೆ. ಎರಡರಲ್ಲೂ ಭಾರತಕ್ಕೆ ಕಂಚು ಬಂತು, ಖುಷಿಯಲ್ಲಿ ಈ ಸೊನ್ನೆ ಯಾರ ಕಣ್ಣಿಗೂ ಬೀಳಲಿಲ್ಲ.

ಕೊಡಗಿನಲ್ಲಿ ಆಸಕ್ತಿ ಸತ್ತಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದಿದ್ದು 60 ತಂಡ, 2024ರಲ್ಲಿ ನಾಪೋಕ್ಲಿನಲ್ಲಿ ಆಡಿದ್ದು 360. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡೋ ಟೂರ್ನಿ ಅದು, ಅದರ ಸೊಗಸೇ ಬೇರೆ. ಆದರೆ ಹಬ್ಬ ಒಂದು, ಒಲಿಂಪಿಕ್ಸ್‌ಗೆ ಹೋಗುವ ದಾರಿ ಇನ್ನೊಂದು. 1976ರ ಮಾಂಟ್ರಿಯಲ್‌ನಿಂದ ಒಲಿಂಪಿಕ್ ಹಾಕಿ ಕೃತಕ ಹುಲ್ಲಿನ ಮೇಲೆ ನಡೀತಿದೆ. ಟರ್ಫ್‌ಗೆ ಕೋಟಿಗಟ್ಟಲೆ ದುಡ್ಡು, ಆಟಕ್ಕೆ ಮುಂಚೆ ನೀರು. ಮಣ್ಣಿನ ಮೇಲೆ ಚೆಂಡು ಪುಟಿಯುತ್ತೆ, ಟರ್ಫ್ ಮೇಲೆ ಜಾರಿಕೊಂಡು ನುಗ್ಗುತ್ತೆ. ಹದಿನೈದು ವರ್ಷದವರೆಗೆ ಮಣ್ಣಲ್ಲಿ ಆಡಿದವನು ಚೆಂಡು ನಿಲ್ಲಿಸೋದನ್ನೇ ಹೊಸದಾಗಿ ಕಲಿಯಬೇಕು. ಅಷ್ಟೊತ್ತಿಗೆ ಚಿಕ್ಕಂದಿನಿಂದ ಟರ್ಫ್ ಮೇಲೆ ಆಡಿದವನು ಜೂನಿಯರ್ ಶಿಬಿರದಲ್ಲಿರ್ತಾನೆ.

ಒಡಿಶಾ ಸರ್ಕಾರ 2018ರಿಂದ ಭಾರತ ತಂಡದ ಪ್ರಾಯೋಜಕ. ಜರ್ಸಿ ಮೇಲಿನ ಹೆಸರಿಗಿಂತ ಮುಖ್ಯವಾದ ಕೆಲಸ ಸುಂದರ್‌ಗಢ ಜಿಲ್ಲೆಯಲ್ಲಿ ಆಗಿದೆ. ಬ್ಲಾಕ್ ಮಟ್ಟದಲ್ಲಿ ಟರ್ಫ್ ಹಾಕಲು ಹೊರಟರು, ರೂರ್ಕೆಲಾದಲ್ಲಿ ದೊಡ್ಡ ಸ್ಟೇಡಿಯಂ ಕಟ್ಟಿದರು. ಟೋಕಿಯೊದಲ್ಲಿ ಆಡಿದ ಅಮಿತ್ ರೋಹಿದಾಸ್, ಬೀರೇಂದ್ರ ಲಾಕ್ರಾ ಇಬ್ಬರೂ ಆ ಜಿಲ್ಲೆಯವರು. ಅವರು ಬೆಳೆದಿದ್ದು ಈ ಹಣಕ್ಕಿಂತ ಮುಂಚೆ, ನಿಜ. ಆದರೆ ಅವರ ಹಿಂದೆ ಬರೋ ಮಕ್ಕಳಿಗೆ ದಾರಿ ಹತ್ತಿರವಾಗಿದೆ. ನಮ್ಮಲ್ಲಿ ಪೊನ್ನಂಪೇಟೆ, ಕೂಡಿಗೆಯ ಕ್ರೀಡಾ ವಸತಿ ಶಾಲೆಗಳಿವೆ. ಅಲ್ಲಿಂದ ಮುಂದಕ್ಕೆ ಮೆಟ್ಟಿಲು ಕಾಣಲ್ಲ. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕದ ತಂಡ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಲೀಗ್ ಮತ್ತೆ ಶುರುವಾದಾಗ ಪುರುಷರ ಎಂಟು ತಂಡಗಳಲ್ಲೂ ಇರಲಿಲ್ಲ. ಬೆಂಗಳೂರಿನ ಮೊಹಮ್ಮದ್ ರಾಹೀಲ್ 2023ರಲ್ಲಿ ಸಲಾಲಾದ ಹಾಕಿ ಫೈವ್ಸ್ ಏಷ್ಯಾ ಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಎರಡು ಗೋಲು ಹೊಡೆದರು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಹೆಸರು ಒಂದು ಸಲವೂ ಬಂದಿಲ್ಲ. ಬೈಯೋಕಾದರೂ ಗೊತ್ತಿರಬೇಕಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡೋದು ಒಂದು ಭೂಗೋಳದ ವಿಷಯ. ಭಾರತ ತಂಡಗಳ ರಾಷ್ಟ್ರೀಯ ಶಿಬಿರಗಳು ಬಹುಪಾಲು ನಡೆಯೋದು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ, ಮೈಸೂರು ರಸ್ತೆಯ ಜ್ಞಾನಭಾರತಿ ಆವರಣದಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಪುರುಷರ, ಮಹಿಳೆಯರ ಎರಡೂ ತಂಡ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ರಾಮನಗರದಿಂದ ಹೊರಟ ರೈಲು ಬಿಡದಿ, ಹೆಜ್ಜಾಲ, ಕೆಂಗೇರಿ ದಾಟಿದ ಮೇಲೆ ಸಿಗೋ ನಿಲ್ದಾಣ ಜ್ಞಾನಭಾರತಿ. ನಾವು ಸುನಿಲ್‌ನ ಬೈಕೊಂಡು ನಾಲ್ಕು ವರ್ಷ ಓಡಾಡಿದ ಹಳಿ ಅದು. ಇಳಿದು ಒಂದು ದಿನ ಅಭ್ಯಾಸ ನೋಡೋಣ ಅಂತ ಯಾರಿಗೂ ಹೊಳೀಲಿಲ್ಲ. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರಿನ ಜೊತೆ ಬೆಂಗಳೂರಿನ ಏನೇನು ನಮಗೂ ಬರುತ್ತೆ ಅಂತ ಕೇಳುವಾಗ ಜಮೀನಿನ ಬೆಲೆಯ ಆಚೆಗೂ ಒಂದೆರಡು ಪ್ರಶ್ನೆ ಸೇರಿಸಬಹುದು.

ಕನಕಪುರದ ಗೆಳೆಯನ ಮಗನಿಗೆ ಈಗ ಒಂಬತ್ತು. ಪ್ಯಾರಿಸ್ ಪಂದ್ಯಗಳನ್ನು ಅಪ್ಪನ ಜೊತೆ ನೋಡಿ ಹಾಕಿ ಸ್ಟಿಕ್ ಬೇಕು ಅಂತ ಹಠ ಹಿಡಿದಿದ್ದ. ಕೊಡಿಸಿದರು, ಒಂದು ದಿನ ಶಾಲೆಗೂ ಒಯ್ದ. ಸಂಜೆ ಪಿ.ಟಿ. ಮೇಷ್ಟ್ರಿಂದ ಫೋನ್ ಬಂತಂತೆ: "ಸರ್, ದಯವಿಟ್ಟು ನಾಳೆಯಿಂದ ಕಳಿಸಬೇಡಿ. ಹಾಕಿ ಸ್ಟಿಕ್ ಕಂಡ್ರೆ ಗಲಾಟೆಗೆ ತಂದಿದ್ದಾರೆ ಅಂದ್ಕೊಳ್ತಾರೆ." ಸ್ಟಿಕ್ ಈಗ ಅವರ ಮನೆ ಅಟ್ಟದ ಮೇಲಿದೆ. ಭಾನುವಾರ ಸಾಯ್‌ಗೆ ಕರ್ಕೊಂಡು ಹೋದರೆ ಹೊರಗಿನವರನ್ನ ಒಳಗೆ ಬಿಡ್ತಾರಾ ಅಂತ ಮೊನ್ನೆ ಗುಂಪಿನಲ್ಲಿ ಕೇಳಿದ್ದಾನೆ. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಮಾಗಡಿಯವನು ನೆಕ್ಸ್ಟ್ ವೀಕ್ ಹೋಗಿ ಕೇಳ್ಕೊಂಡು ಬರ್ತೀನಿ ಅಂದಿದ್ದಾನೆ.