ಮನೆತನದ ರಿವಾಲ್ವರು

ಹಿರೇಕೆರೂರು ಇನ್ನೂ ಕೋಡ ತಾಲೂಕಿನ ಕಸಬೆಯಾಗಿಯೂ, ಶಿಗ್ಗಾಂವಿ ಬಂಕಾಪುರ ತಾಲೂಕಿನ ಕಚೇರಿಯ ಊರಾಗಿಯೂ, ಸವಣೂರು ನವಾಬರ ಪ್ರತ್ಯೇಕ ಸಂಸ್ಥಾನವಾಗಿಯೂ ಇದ್ದ ಕಾಲದಲ್ಲಿ, ಮನೆಯಲ್ಲೊಂದು ಶಸ್ತ್ರವಿರುವುದು ಗೌಡಿಕೆ, ದೇಸಗತಿ, ಇನಾಮುಗಳಷ್ಟೇ ಮಾನದ ಸಂಗತಿಯೆಂದು ಈ ಸೀಮೆಯ ಮನೆತನಗಳು ಭಾವಿಸಿದ್ದವು. 1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಲೊಲ್ಲದೆ ಪ್ರಾಣವನ್ನೇ ತೆತ್ತರು. 1878ರ ಶಸ್ತ್ರಾಸ್ತ್ರ ಕಾಯ್ದೆಯು ಪರವಾನಿಗೆಯಿಲ್ಲದವನ ಕೈಯಿಂದ ಬಂದೂಕನ್ನು ಕಿತ್ತುಕೊಂಡಿತು. 1948ರಲ್ಲಿ ಸವಣೂರೂ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಇಷ್ಟೆಲ್ಲ ಕಳೆದ ಮೇಲೆಯೂ ಅಲ್ಲೊಂದು ಇಲ್ಲೊಂದು ಮನೆಯ ತಿಜೋರಿಯಲ್ಲಿ, ಪರವಾನಿಗೆಯ ಪುಸ್ತಕದೊಡನೆ, ಅಜ್ಜನ ಕಾಲದ ರಿವಾಲ್ವರೊಂದು ಉಳಿದುಕೊಂಡಿರುವುದುಂಟು.

ಹಾನಗಲ್ಲ ಸೀಮೆಯ ಪರಿಚಿತರೊಬ್ಬರ ಮನೆಯಲ್ಲಿ ಖಂಡೇನವಮಿಯ ದಿನ ಅಂಥದೊಂದನ್ನು ನೋಡಿದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರ್ಖಾನೆಯದು; ಹಿಡಿಯ ಗೀರುಗಳು ಬೆರಳುಗಳ ತಿಕ್ಕಿಗೆ ನುಣುಪಾಗಿದ್ದುವು. ಗಂಟೆಗೊಮ್ಮೆ ಮಳೆ ಇಣುಕುವ ಆ ದಿನದಲ್ಲಿ ಕುಡಗೋಲು, ಕುಡ, ತಕ್ಕಡಿಗಳ ನಡುವೆ ಅದನ್ನೂ ಇಟ್ಟು ಚೆಂಡುಹೂವೇರಿಸಿದ್ದರು. ನೀರಲ್ಲಿ ಕಲಸಿದ ಕುಂಕುಮ ಉರುಳೆಯ ಗುಳಿಗಳಲ್ಲಿ ಇಳಿದು ಒಣಗಿತ್ತು. ಭಕ್ತಿಗೆ ಅದು ಶೋಭೆಯೇ. ಆದರೆ ಉಕ್ಕಿಗೆ ಅಲ್ಲ. ಏಕೆಂದರೆ ಆ ಗುಳಿಗಳಲ್ಲಿಯೇ ಯಂತ್ರದ ಮರ್ಮವಿದೆ.

ಮರ್ಮ ಇಷ್ಟು. ನಳಿಗೆ ಒಂದೇ, ಅದರ ಹಿಂದೆ ಆರು ಗೂಡುಗಳ ಉರುಳೆ. ಟ್ರಿಗರನ್ನು ಒತ್ತಿದೊಡನೆ ಒಳಗಿನ ಚಿಕ್ಕ ಕೊಂಡಿಯೊಂದು ಮೇಲೆದ್ದು, ಉರುಳೆಯ ಬೆನ್ನಿನಲ್ಲಿರುವ ಹಲ್ಲನ್ನು ತಳ್ಳಿ, ಅದನ್ನು ವೃತ್ತದ ಆರನೆಯ ಒಂದು ಭಾಗ, ಎಂದರೆ 60 ಡಿಗ್ರಿ, ತಿರುಗಿಸುತ್ತದೆ; ಅಷ್ಟರಲ್ಲಿ ಕೆಳಗಿನಿಂದ ಕೊಕ್ಕೆಯೊಂದು ಉರುಳೆಯ ಮೈಮೇಲಿನ ಗುಳಿಗೆ ಬಿದ್ದು ಅದನ್ನು ಬಂಧಿಸುತ್ತದೆ; ಬಂಧನವಾದ ತರುವಾಯವೇ ಹ್ಯಾಮರು ಕೇಪಿನ ಮೇಲೆ ಬೀಳಬೇಕು. 1836ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದ ಸ್ಯಾಮುಯೆಲ್ ಕೋಲ್ಟನ ರಿವಾಲ್ವರಿನಲ್ಲಿ ಪ್ರತಿ ಹೊಡೆತಕ್ಕೂ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದೆಳೆಯಬೇಕಾಗಿತ್ತು. 1851ರ ಹೊತ್ತಿಗೆ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಟ್ರಿಗರಿನ ಒಂದೇ ಎಳೆತದಲ್ಲಿ ಎಲ್ಲವನ್ನೂ ನಡೆಸುವ ವಿಧಾನವನ್ನು ತಂದನು. 1887ರಿಂದ ಬ್ರಿಟಿಷ್ ಸೈನ್ಯ ಬಳಸಿದ ವೆಬ್ಲಿಯ ವೈಶಿಷ್ಟ್ಯವೆಂದರೆ ಅದರ ಬೆನ್ನಿನ ಮೇಲಿನ ಚಿಲಕ: ಅದನ್ನು ತೆಗೆದರೆ ನಳಿಗೆ ಮುಂದಕ್ಕೆ ಮಡಚಿಕೊಂಡು, ಆರು ಗೂಡುಗಳ ಬರಿ ತೋಟಾಗಳನ್ನೂ ಒಮ್ಮೆಗೇ ಮೇಲೆತ್ತುತ್ತದೆ.

ಗುಂಡು ಗೂಡನ್ನು ಬಿಟ್ಟು ನಳಿಗೆಯ ಬಾಯಿಗೆ ಹಾಯುವಾಗ ಎರಡರ ನಡುವೆ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನ ಸಂದಿಯಿದ್ದೇ ಇರುತ್ತದೆ. ಬಿಸಿ ಅನಿಲವು ಅಲ್ಲಿಂದ ಪಕ್ಕಕ್ಕೆ ಚಿಮ್ಮುತ್ತದೆ. ಆಸರೆಯ ಕೈಬೆರಳನ್ನು ಅಲ್ಲಿ ಇಡಬಾರದು. ಸಂದಿಗಿಂತ ಭಯಂಕರವಾದುದು ಕೊಂಡಿ, ಕೊಕ್ಕೆಗಳ ಸವೆತ. ಗುಳಿಯಲ್ಲಿ ತುಕ್ಕು ತಿಂದು ಕೊಕ್ಕೆ ಸಡಿಲವಾದರೆ ಗೂಡು ನಳಿಗೆಗೆ ನೇರವಾಗಿ ನಿಲ್ಲದು. ಹ್ಯಾಮರು ಬಿದ್ದಾಗ ಗುಂಡಿನ ಸೀಸ ಅಂಚಿಗೆ ಉಜ್ಜಿ ಪಕ್ಕಕ್ಕೆ ಸೀಳುತ್ತದೆ. ಹೊರಗಿನ ಹೊಳಪನ್ನು ಕಂಡು ಇದನ್ನು ಹೇಳಲಾಗದು. ಅನುಭವಿ ಬಂದೂಕು ಕುಶಲಕರ್ಮಿಯು ಖಾಲಿ ಯಂತ್ರವನ್ನು ಹಿಡಿದು, ಟ್ರಿಗರನ್ನು ಹಿಂದಕ್ಕೆ ಒತ್ತಿಹಿಡಿದು, ಉರುಳೆಯನ್ನು ಅಲ್ಲಾಡಿಸಿಯೇ ತೀರ್ಪು ಹೇಳುತ್ತಾನೆ.

ತುಕ್ಕಿನ ಮೂಲ ಕುಂಕುಮ ಒಂದೇ ಅಲ್ಲ. ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಮ್ ಕ್ಲೋರೇಟು ಇರುತ್ತಿತ್ತು. ಅದು ಉರಿದ ಮೇಲೆ ನಮ್ಮ ಅಡುಗೆ ಉಪ್ಪಿನ ಸೋದರನಾದ ಪೊಟ್ಯಾಸಿಯಮ್ ಕ್ಲೋರೈಡು ನಳಿಗೆಯಲ್ಲಿ ಉಳಿಯುತ್ತದೆ. ಆ ಉಪ್ಪು ಮಲೆನಾಡಿನ ಅಂಚಿನ ಹಾನಗಲ್ಲಿನ ತೇವವನ್ನು ಸೆಳೆದುಕೊಂಡು ಉಕ್ಕನ್ನು ತಿನ್ನತೊಡಗುತ್ತದೆ. ಎಣ್ಣೆ ಉಪ್ಪನ್ನು ಕರಗಿಸದು. ಆದುದರಿಂದ ಮೊದಲು ಬಿಸಿನೀರು, ಬಳಿಕ ಒಣಗಿಸುವುದು, ಕೊನೆಗೆ ಎಣ್ಣೆ ಎಂಬ ಕ್ರಮವನ್ನು ಹಳೆಯ ಸೈನಿಕರು ಪಾಲಿಸುತ್ತಿದ್ದರು. ಚರ್ಮದ ಚೀಲದಲ್ಲಿಯೇ ವರ್ಷಗಟ್ಟಲೆ ಇಡುವುದೂ ತಪ್ಪು. ಹದಮಾಡಿದ ಚರ್ಮ ತೇವವನ್ನೂ ಆಮ್ಲವನ್ನೂ ಲೋಹಕ್ಕೆ ಒಪ್ಪಿಸುತ್ತದೆ.

ಇನ್ನು ಹೊಡೆತದ ಹಿನ್ನೂಕಿನ ಮಾತು. 1915ರ ವೆಬ್ಲಿ ಮಾರ್ಕ್ ಆರನೆಯದು ಸುಮಾರು ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ; ಅದರ .455 ಇಂಚು ಅಳತೆಯ ಗುಂಡು 17 ಗ್ರಾಮಿನಷ್ಟು, ವೇಗ ಸೆಕೆಂಡಿಗೆ 190 ಮೀಟರಿನ ಆಸುಪಾಸು. ಇಷ್ಟು ಆವೇಗ ಮುಂದಕ್ಕೆ ಹೋದರೆ ಅಷ್ಟೇ ಆವೇಗದಿಂದ ರಿವಾಲ್ವರು ಸೆಕೆಂಡಿಗೆ ಸುಮಾರು ಮೂರು ಮೀಟರಿನಂತೆ ಹಿಂದಕ್ಕೆ ಬರಲೇಬೇಕು. ನಳಿಗೆ ಹಿಡಿಗಿಂತ ಮೇಲಿರುವುದರಿಂದ ಆ ತಳ್ಳು ಮೂತಿಯನ್ನು ಮೇಲಕ್ಕೆಬ್ಬಿಸುತ್ತದೆ. ಸಿನಿಮಾದ ನಾಯಕ ಒಂದು ಕೈಯಿಂದ ಹೊಡೆದು ಅಲ್ಲಾಡದೆ ನಿಲ್ಲುವುದು ಚಿತ್ರೀಕರಣದ ಸೌಕರ್ಯವಷ್ಟೇ.

ತೋಟಾದ ಪ್ರಶ್ನೆಯೇ ಮುಖ್ಯ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ವೆಬ್ಲಿಗಳ ಉರುಳೆಯ ಹಿಂಬದಿಯನ್ನು ಅರೆದು .45 ಎಸಿಪಿ ತೋಟಾ ಹಿಡಿಯುವಂತೆ ಮಾಡಿದರು; ಆ ತೋಟಾದ ಒತ್ತಡ ಮೂಲ .455ಕ್ಕಿಂತ ಬಹಳ ಹೆಚ್ಚಾದುದರಿಂದ ಉರುಳೆಗಳು ಬಿರಿದ ಉದಾಹರಣೆಗಳಿವೆ. ನಮ್ಮಲ್ಲಿ .455 ನಿಷೇಧಿತ ಅಳತೆಗಳ ಪಟ್ಟಿಯಲ್ಲಿದ್ದು ಅದಕ್ಕೆ ಕೇಂದ್ರ ಸರಕಾರದ ವಿಶೇಷ ಅನುಮತಿ ಬೇಕು. ಆದ್ದರಿಂದ ಸಾಮಾನ್ಯ ಮನೆತನಗಳಲ್ಲಿ ಕಾಣುವುದು .32. ಆದರೂ ಹಳೆಯ ಯಂತ್ರಕ್ಕೆ ತೋಟಾದ ಹೆಸರು ಸರಿಯಿದೆಯೆಂಬುದಷ್ಟೇ ಸಾಲದು. ಅದರ ಒತ್ತಡವೂ ಹೊಂದಬೇಕು. ಜಾತ್ರೆ, ಮದುವೆಗಳಲ್ಲಿ ಆಕಾಶಕ್ಕೆ ಹೊಡೆಯುವುದನ್ನಂತೂ ಈಗಿನ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಅಪರಾಧವೆಂದೇ ಸಾರಿದೆ.

2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಿಗೆದಾರನಿಗೆ 70 ವರ್ಷ ತುಂಬಿದಾಗ, ಅಥವಾ ಆತ 25 ವರ್ಷ ಆ ಶಸ್ತ್ರವನ್ನು ಇರಿಸಿಕೊಂಡಾಗ, ಯಾವುದು ಮೊದಲೋ ಆಗ, ಅವನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಪರವಾನಿಗೆ ಕೋರಬಹುದು. ಮಗನ ಹೆಸರಿಗೆ ಕಾಗದ ಬರುವ ಮೊದಲು ಕೊಕ್ಕೆಯ ಬಿಗಿಯನ್ನೊಮ್ಮೆ ಪರೀಕ್ಷಿಸುವುದು ವಿಹಿತ. ಸಡಿಲವಿದ್ದರೆ ಹಾರಿಸುವ ಆಸೆಯನ್ನು ಬಿಡಬೇಕು, ಪೂಜೆಯಲ್ಲಿಡುವುದಕ್ಕೆ ಅದು ಏನೂ ಅಡ್ಡಿಯಾಗದು.